ತಲೆ ಕೊಟ್ಟವರ ಬೆಂಚು

ತಾನು ಓಡಿಸುತ್ತಿದ್ದ ಲಾರಿಯನ್ನು ಅವನೀಗ ತೊಳೆಯುತ್ತಿದ್ದ. ಗಾಲಿಗೆ ಮೆತ್ತಿದ ಕೆಸರನ್ನು ಕಡ್ಡಿಯಿಂದ ಕೆರೆದು ಕೆರೆದು ಉಗುರಿನ ಸಂದಿ ಕಪ್ಪಾಗಿತ್ತು. ಓರಗೆಯ ಚಾಲಕರು ಅವನನ್ನು ಕರೆಯುತ್ತಿದ್ದದ್ದು ನಿಧಾನಣ್ಣ ಎಂದು. ಖಾಲಿ ರಸ್ತೆಯಲ್ಲೂ ಸೈಕಲ್ಲುಗಳು ಅವನ ಲಾರಿಯನ್ನು ಹಿಂದೆ ಹಾಕಿ ಹೋಗುತ್ತಿದ್ದವು. ಇಂಥವನ ಲೈಸೆನ್ಸನ್ನು ಸರ್ಕಾರ ಅಮಾನತು ಮಾಡಿದ್ದು ಅತಿವೇಗಕ್ಕೆ.

ನಡೆದದ್ದಿಷ್ಟು. ಧಣಿಯ ದೊಡ್ಡ ಮಗ ಗೆಳೆಯರಿಗೆ ಕೈಚಳಕ ತೋರಿಸಲು ಲಾರಿ ಹತ್ತಿದ. ತಿರುವಿನಲ್ಲಿ ರಸ್ತೆ ಗುಡಿಸುತ್ತಿದ್ದ ಹೆಂಗಸಿಗೆ ಗುದ್ದಿದ. ಅವಳ ಬಲಗೈ ಮತ್ತೆ ಪೊರಕೆ ಹಿಡಿಯಲಿಲ್ಲ. ನಿಧಾನಣ್ಣ ಆಗ ಗೋದಾಮಿನಲ್ಲಿ ಊಟದ ಡಬ್ಬಿ ಬಿಚ್ಚುತ್ತಿದ್ದ. ಧಣಿ ಬಂದು ಅವನ ಹೆಗಲ ಮೇಲೆ ಕೈ ಇಟ್ಟ. ಧಣಿಗಳು ಹಾಗೆಲ್ಲ ಸುಮ್ಮನೆ ಹೆಗಲು ಮುಟ್ಟುವವರಲ್ಲ.

"ಹುಡುಗನಿಗೆ ಹೆಣ್ಣು ನೋಡ್ತಿದೀವಿ ಕಣೋ. ನೀನೊಂದು ತಲೆ ಕೊಡು."

ತಲೆ ಕೊಡುವುದೆಂದರೆ ಲಾರಿಯವರ ಲೋಕದಲ್ಲಿ ಸಾಯುವುದಲ್ಲ. ಧಣಿಯ ಮನೆಯವರು ಮಾಡಿದ್ದನ್ನು ಠಾಣೆಗೆ ಹೋಗಿ 'ನಾನೇ ಮಾಡಿದ್ದು' ಎಂದು ಒಪ್ಪಿಕೊಳ್ಳುವುದು. ಸಾಯುವುದಕ್ಕಿಂತ ಇದು ಧಣಿಗೆ ಅನುಕೂಲ. ಸತ್ತವನು ಮರುದಿನ ಲಾರಿ ತೊಳೆಯಲು ಬರುವುದಿಲ್ಲ.

ನಿಧಾನಣ್ಣ ತಲೆ ಕೊಟ್ಟ. ಆಸ್ಪತ್ರೆಗೆ ಹೋದಾಗ ಆ ಹೆಂಗಸು, "ನಿನ್ನ ಕಣ್ಣಿಗೆ ಏನಾಗಿತ್ತೋ?" ಎಂದಳು. ಅದನ್ನೂ ತಲೆ ತಗ್ಗಿಸಿ ತೆಗೆದುಕೊಂಡ. ಮನೆಯಲ್ಲಿ ಹೆಂಡತಿ ಕೇಳಿದಳು: "ತಲೆ ನಿಮ್ಮದು, ಕೊಟ್ಟು ಬಂದ್ರಿ. ಮಕ್ಕಳ ಹೊಟ್ಟೆ ಯಾರಿಗೆ ಕೊಟ್ಟು ಬರೋಣ ಹೇಳಿ."

ಅಮಾನತಿನ ಅವಧಿ ಮುಗಿಯಿತು. ಲೈಸೆನ್ಸ್ ಮಾತ್ರ ಬರಲಿಲ್ಲ. ಇವತ್ತು ಸಾಹೇಬರಿಲ್ಲ, ನಾಳೆ ಮೊಹರಿಲ್ಲ. ಕೊನೆಗೆ ಧಣಿಯೇ ಉಪಾಯ ಹೇಳಿದ.

"ಗಡಿ ದಾಟು. ಪಕ್ಕದ ರಾಜ್ಯದಲ್ಲಿ ಲೈಸೆನ್ಸ್ ಮಾಡಿಸ್ಕೋ. ಅಲ್ಲಿ ನೀನು ಈಗ ತಾನೇ ಹುಟ್ಟಿದ ಕೂಸು. ನಮ್ಮ ಹೊಸ ಗೋದಾಮೂ ಅಲ್ಲೇ, ನನ್ನ ಎರಡನೇ ಮಗ ಚಿಕ್ಕೋನು ನೋಡ್ಕೋತಾನೆ. ಬೇಗ ಮಾಡಿಸ್ಕೋ, ತಡ ಮಾಡ್ಬೇಡ."

ತನ್ನ ಲೈಸೆನ್ಸಿನ ಮೇಲೆ ಧಣಿಗೆ ಇಷ್ಟು ಮಮತೆ ಯಾಕೆಂದು ನಿಧಾನಣ್ಣ ಯೋಚಿಸಲಿಲ್ಲ. ಯೋಚನೆಯಲ್ಲೂ ಅವನು ನಿಧಾನವೇ.

ಗಡಿಯಾಚೆ ಹೆಂಡತಿಯ ತಮ್ಮನ ಮನೆ ಇತ್ತು. ವಿಳಾಸಕ್ಕೆ ಅವನ ಬಾಗಿಲು, ಮಲಗಲು ಚಪ್ಪಲಿ ಬಿಡುವ ಜಾಗ. "ಭಾವ, ನಿಮ್ಮನೆ ಅಂದ್ಕೊಳ್ಳಿ," ಎಂದು ಅವನು ಒಳಗಿನ ಬಾಗಿಲು ಹಾಕಿಕೊಳ್ಳುತ್ತಿದ್ದ.

'ಇಲ್ಲಿ ನಾನು ಈಗ ತಾನೇ ಹುಟ್ಟಿದ ಕೂಸು' ಎಂದಾಗ ಲೈಸೆನ್ಸ್ ಕಚೇರಿಯ ಗುಮಾಸ್ತ ಕಂಪ್ಯೂಟರ್ ನೋಡಿ ನಕ್ಕ. "ಕೂಸಂತೆ ಕೂಸು. ನಿಮ್ಮ ಪಾಪ ನಿಮಗಿಂತ ಮುಂಚೆ ಬಂದು ಇಲ್ಲಿ ಕೂತಿದೆಯಲ್ರೀ. ಅಮಾನತು ಮುಗೀತು ಅಂತ ಅಲ್ಲಿಂದ ಬರೆಸ್ಕೊಂಡು ಬನ್ನಿ."

ಹಳೆಯ ರಾಜ್ಯದವರು, "ನೀವೀಗ ಆ ಕಡೆಯವರು, ಅಲ್ಲೇ ಕೇಳಿ," ಎಂದರು. ಈ ಕಡೆಯವರು, "ತಪ್ಪು ಮಾಡಿದ್ದು ಆ ಕಡೆ, ಅಲ್ಲೇ ಕೇಳಿ," ಎಂದರು. ಎರಡೂ ಸರ್ಕಾರಗಳು ಒಮ್ಮತಕ್ಕೆ ಬಂದದ್ದು ಅವನನ್ನು ಓಡಾಡಿಸುವ ವಿಷಯದಲ್ಲಿ ಮಾತ್ರ. ಬಸ್ಸಿನಲ್ಲಿ ಹಿಂದೆ ಮುಂದೆ ಅಲೆದು, ಅಂತೂ ಒಂದು ಪತ್ರ ತಂದ.

ಪರೀಕ್ಷೆಯ ದಿನ ಪಕ್ಕದಲ್ಲಿ ಕೂತ ಇನ್ಸ್‌ಪೆಕ್ಟರು ಎರಡು ಸಲ ಆಕಳಿಸಿದರು. "ರೀ, ಹೀಗೆ ಓಡಿಸಿದ್ರೆ ನಾನು ಊಟಕ್ಕೆ ಹೋಗೋದು ಯಾವಾಗ?" ಆಮೇಲೆ ಕೈಯಲ್ಲಿದ್ದ ಕಾಗದ ನೋಡಿ ಹುಬ್ಬೇರಿಸಿದರು. "ಅತಿವೇಗ ಅಂತಿದೆ. ನೀವಾ?"

ನಿಧಾನಣ್ಣ ರಸ್ತೆ ನೋಡುತ್ತ ಗೇರು ಬದಲಿಸಿದ. ಪಾಸಾದ.

ಲೈಸೆನ್ಸ್ ಕೈಗೆ ಬರುವತನಕ ಗೋಡೆಯ ಪಕ್ಕದ ಬೆಂಚಿನಲ್ಲಿ ಕೂತ. ಅಲ್ಲಿ ಗಡಿ ದಾಟಿ ಬಂದ ಚಾಲಕರೇ ತುಂಬಿದ್ದರು. ಪಕ್ಕದ ಬೋಳುತಲೆಯವನು ಕೇಳಿದ, "ಏನಣ್ಣ ಮಾಡಿದ್ದು?"

"ನಾನೇನೂ ಮಾಡ್ಲಿಲ್ಲಪ್ಪ. ಧಣಿ ಮಗ ಗುದ್ದಿದ. ನಾನು ತಲೆ ಕೊಟ್ಟೆ."

"ನಂದೂ ಅದೇ. ಧಣಿ ಅಳಿಯ."

"ನಮ್ಮಲ್ಲಿ ಧಣೀನೇ. ಕುಡಿದಿದ್ರು," ಎಂದ ಬಸ್ಸು ಓಡಿಸುವ ಇನ್ನೊಬ್ಬ.

ಬೆಂಚಿನ ತುದಿಯತನಕ ಇದೇ ಕಥೆ ಹೋಗಿ ಮುಟ್ಟಿತು. ಬೋಳುತಲೆಯವನು ಎಲ್ಲರನ್ನೂ ನೋಡಿ, "ಹಂಗಾದ್ರೆ ಇಲ್ಲಿ ಗುದ್ದಿದೋನು ಒಬ್ಬನೂ ಇಲ್ಲ ಅನ್ನಿ," ಎಂದ. ನಗು ಎದ್ದಿತು. ಆಮೇಲೆ ಯಾರಿಗೂ ನಗಲಾಗಲಿಲ್ಲ.

ಗುಮಾಸ್ತ ಕರೆದು ಲೈಸೆನ್ಸ್ ಕೊಟ್ಟ. ಹೊಸದು, ಇನ್ನೂ ಬೆಚ್ಚಗಿತ್ತು. ಅಷ್ಟರಲ್ಲಿ ಫೋನ್ ಬಂತು. ಅವನ ಮುದಿ ಫೋನಿನಲ್ಲಿ ಮಾತಾಡಿದರೆ ಊರಿಗೆಲ್ಲ ಕೇಳಿಸುತ್ತಿತ್ತು.

"ಲೈಸೆನ್ಸ್ ಬಂತೇನೋ?" ಧಣಿಯ ದನಿ.

"ಬಂತು ಧಣಿ, ಈಗ ತಾನೇ."

"ನನ್ನಪ್ಪ, ಉಳಿಸ್ದೆ. ಗೋದಾಮಿನ ಹತ್ರ ಚಿಕ್ಕೋನು ಒಬ್ಬ ಮುದುಕನಿಗೆ ತಾಗಿಸ್ಬಿಟ್ಟಿದಾನೆ. ಕಾಲು ಮುರಿದಿದೆ, ಅಷ್ಟೇ. ಸೀದಾ ಠಾಣೆಗೆ ಬಾ."

ಬೆಂಚು ಕೇಳಿಸಿಕೊಂಡಿತು. ಧಣಿಯ ಮಮತೆ ಯಾತರದ್ದೆಂದು ನಿಧಾನಣ್ಣನಿಗೆ ಈಗ ಹೊಳೆಯಿತು. ಲೈಸೆನ್ಸಿಲ್ಲದ ತಲೆ ಠಾಣೆಯಲ್ಲಿ ಸಲ್ಲುವುದಿಲ್ಲ; ಹಳೆಯದು ಸವೆದಿತ್ತು, ಹೊಸದೊಂದು ಬೇಕಾಗಿತ್ತು.

"ಬರ್ತೀನಿ ಧಣಿ," ಎಂದ. "ಬಂದು ಹೇಳ್ತೀನಿ. ಇವತ್ತಿನದ್ದು ಯಾರು ಅಂತಾನೂ, ಆ ಗುಡಿಸೋ ಅಮ್ಮನ ಕೈ ಮುರಿದಿದ್ದು ಯಾರು ಅಂತಾನೂ."

ಆ ಕಡೆಯಿಂದ ಬೈಗುಳ ಶುರುವಾಯಿತು. ಅವನು ಫೋನ್ ಜೇಬಿಗೆ ಹಾಕಿದ. ಜೇಬಿನೊಳಗಿಂದಲೂ ಧಣಿ ಬೈಯುತ್ತಲೇ ಇದ್ದ.

ಬೋಳುತಲೆಯವನು ಎದ್ದ. "ನಡಿ ಅಣ್ಣ, ನಂದೂ ಒಂದು ಹೇಳೋದಿದೆ." ಬಸ್ಸಿನವನು ಎದ್ದ. ಒಬ್ಬೊಬ್ಬರಾಗಿ ಬೆಂಚು ಖಾಲಿಯಾಯಿತು.

ಗುಮಾಸ್ತ ಕಿಟಕಿಯಿಂದ ತಲೆ ಹೊರಗೆ ಹಾಕಿದ. "ಹುಚ್ಚೇನ್ರೀ ನಿಮಗೆ? ಆವತ್ತು ಸುಳ್ಳು ಹೇಳಿದೆ ಅಂತ ಒಪ್ಕೊಂಡ್ರೆ ಈ ಲೈಸೆನ್ಸೂ ಹೋಗತ್ತೆ."

ನಿಧಾನಣ್ಣ ಬಾಗಿಲಲ್ಲಿ ನಿಂತು ಹೊಸ ಲೈಸೆನ್ಸನ್ನು ಒಮ್ಮೆ ನೋಡಿದ. ಫೋಟೋದಲ್ಲೂ ಅವನ ತಲೆ ತಗ್ಗಿಯೇ ಇತ್ತು.

"ಹೋಗ್ಲಿ ಬಿಡಿ ಸ್ವಾಮಿ," ಎಂದ. "ಈ ಸಲ ನಾನೇ ಮಾಡಿದ್ದಕ್ಕೆ ಹೋಗತ್ತಲ್ಲ."