ನಾಲ್ಕು ಮೀಟರ್ ನಡಿಗೆ

“ಕೈ ಊರಬಾರದು ತಾತ. ಎರಡೂ ಕೈ ಎದೆ ಮೇಲೆ ಕಟ್ಕೊಂಡು ಎದ್ದು ನಿಲ್ಬೇಕು, ಮತ್ತೆ ಕೂರ್ಬೇಕು. ಐದು ಸಲ.”

ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡುವ ಹುಡುಗಿ ಗಡಿಯಾರ ಹಿಡಿದು ನಿಂತಳು. ಮೂರನೆಯ ಸಲಕ್ಕೆ ಏದುಸಿರು ಬಿಟ್ಟು ಕುರ್ಚಿಯಲ್ಲೇ ಕುಸಿಯಬೇಕೆಂದು ಮುದುಕ ಬೆಳಿಗ್ಗೆಯೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡು ಬಂದಿದ್ದ. ಮೊಣಕಾಲು ಅವನ ಮಾತು ಕೇಳಲಿಲ್ಲ. ನಲವತ್ತು ವರ್ಷ ಗೋಡೆಯ ಬುಡಕ್ಕೆ ಕೂತು, ತುದಿಗೆ ಎದ್ದು ಬಣ್ಣ ಬಳಿದ ಕಾಲುಗಳು ತಮ್ಮ ಪಾಡಿಗೆ ತಾವು ಎದ್ದವು, ಕೂತವು.

“ಹತ್ತೇ ಸೆಕೆಂಡು! ನಮ್ಮಪ್ಪಂಗೂ ಆಗಲ್ಲ ಇಷ್ಟು ಬೇಗ.”

ಬಾಗಿಲ ಬಳಿ ಬೆಂಚಿನ ಮೇಲಿದ್ದ ಮೇಸ್ತ್ರಿ ತೊಡೆ ತಟ್ಟಿಕೊಂಡು ನಕ್ಕ. ಅವನು ಮುದುಕನ ಅಕ್ಕನ ಮಗ. “ಇವ್ರನ್ನ ಏನಂದ್ಕೊಂಡ್ರಿ ಮೇಡಂ? ನಮ್ಮೋರೆಲ್ಲ ಇವ್ರಿಗೆ ಬೆಕ್ಕು ಅಂತಾರೆ. ಎಂಟನೇ ಅಂತಸ್ತಲ್ಲಿ ಗಾಳಿಗೆ ಬೆನ್ನು ಕೊಟ್ಟು ಬೀಡಿ ಹಚ್ಚೋ ಜನ.”

“ಬೆಕ್ಕಿಗೂ ವಯಸ್ಸಾಗತ್ತೆ ಕಣೋ.”

“ವಯಸ್ಸಾದ್ರೆ ಮೀಸೆ ಬೆಳ್ಳಗಾಗತ್ತೆ ಮಾವ, ಕಾಲಿಗೇನಾಗತ್ತೆ?”

ನಾಳೆ ಊರಿನ ನೀರಿನ ಟ್ಯಾಂಕಿನ ಗೋಪುರಕ್ಕೆ ಬಣ್ಣ ಬಳಿಯುವ ಕೆಲಸ ಶುರು. ಅರವತ್ತು ದಾಟಿದವರು ಮೇಲೆ ಹತ್ತಬೇಕಾದರೆ ಬಲ, ಸಮತೋಲ, ನಡಿಗೆ ಮೂರನ್ನೂ ಅಳೆಸಿ ಕಾಗದ ತರಬೇಕೆಂದು ಕೆಲಸ ಕೊಟ್ಟವರು ಹೇಳಿದ್ದರು. ಆ ಕಾಗದದಲ್ಲಿ ‘ಆಗದು’ ಎಂದು ಬಂದರೆ ಸಾಕು ಎಂದು ಮುದುಕ ಹಂಬಲಿಸುತ್ತಿದ್ದ. ಇದು ಹೆಂಡತಿಗೂ ಗೊತ್ತಿರಲಿಲ್ಲ.

ಹೋದ ತಿಂಗಳು ಬಣ್ಣ ಬಳಿಯಲು ಕಟ್ಟಿದ ಸಾರುವೆಯ ಮೇಲಿದ್ದಾಗ ಕಾಲಡಿಯ ಹಲಗೆ ಒಂದು ಬೆರಳಿನಷ್ಟು ವಾಲಿತ್ತು. ಅಷ್ಟೇ. ಅವನು ಬೀಳಲಿಲ್ಲ, ಬಣ್ಣದ ಡಬ್ಬಿ ಬಿತ್ತು. ಅದು ನೆಲಕ್ಕೆ ಬಡಿದ ಸದ್ದು ಕೇಳಲು ಎಷ್ಟು ಹೊತ್ತು ಹಿಡಿಯಿತೆಂಬುದು ಅವನ ತಲೆಯೊಳಗೆ ಕೂತುಬಿಟ್ಟಿತು. ಮೊನ್ನೆ ಬಲ್ಬು ಹಾಕಲು ಸ್ಟೂಲ್ ಹತ್ತಿದವನು ಅಂಗೈ ಬೆವರಿ, ಹೆಂಡತಿಯ ಮೇಲೆ ಸುಮ್ಮನೆ ರೇಗಿ ಇಳಿದಿದ್ದ. ಹೆದರಿಕೆ ಎಂದು ಬಾಯಿಬಿಟ್ಟರೆ ಬೆಕ್ಕು ಎಂದು ಕರೆದ ಬಾಯಿಗಳೇ ನಗುತ್ತವೆ. ಕಾಲು ಸೋತಿದೆ ಎಂದು ಬೇರೆಯವರು ಬರೆದುಕೊಟ್ಟರೆ ಯಾರೂ ನಗುವುದಿಲ್ಲ.

ಹುಡುಗಿ ಕೈಬಲ ಅಳೆಯುವ ಹಿಡಿಕೆಯೊಂದನ್ನು ಕೊಟ್ಟು ಅದುಮಲು ಹೇಳಿದಳು. ಮೆಲ್ಲಗೆ ಅದುಮೋಣವೆಂದುಕೊಂಡರೆ ಬೆರಳುಗಳು ಹಗ್ಗ ಸಿಕ್ಕಂತೆ ಬಿಗಿದವು. ಅದರ ಮುಳ್ಳು ಸರ್ರನೆ ಏರಿತು. ಒಂದು ಪಾದದ ಮುಂದೆ ಇನ್ನೊಂದನ್ನು ಹಿಮ್ಮಡಿಗೆ ತಾಗಿಸಿ ಹತ್ತು ಸೆಕೆಂಡು ನಿಲ್ಲಬೇಕೆಂದಾಗ ಬೇಕೆಂದೇ ಪಕ್ಕಕ್ಕೆ ವಾಲಿದ. ಮೈ ತಾನಾಗಿ ನೆಟ್ಟಗಾಯಿತು.

“ಇನ್ನೊಂದೇ ಉಳ್ದಿರೋದು. ನಡಿಗೆ,” ಎಂದು ಹುಡುಗಿ ನೆಲ ತೋರಿಸಿದಳು. ಕೋಣೆಯ ನಡುವೆ ಉದ್ದಕ್ಕೆ ಅಂಗೈ ಅಗಲದ ಕೆಂಪು ಪಟ್ಟಿ ಅಂಟಿಸಿತ್ತು. “ನಾಲ್ಕು ಮೀಟರ್. ದಿನಾ ನಡಿಯೋ ಹಾಗೆ ಇದ್ರ ಮೇಲೆ ಬನ್ನಿ.”

ಇದೂ ಗೆದ್ದರೆ ನಾಳೆ ಬೆಳಿಗ್ಗೆ ಗೋಪುರ. ಮುದುಕ ಎರಡು ಹೆಜ್ಜೆ ಇಟ್ಟ. ತುಂಬ ನಿಧಾನವಾಗಿ ಇಟ್ಟ.

“ಯಾಕ್ ಮಾವ, ಮದುಮಗಳ ಥರಾ?” ಮೇಸ್ತ್ರಿ ಹುರಿದುಂಬಿಸಿದ. “ಪಟ್ಟಿ ಅಲ್ಲ ಅದು, ಹಲಗೆ ಅಂದ್ಕೋ. ಬಾ ಸಲೀಸಾಗಿ!”

ಮುದುಕ ನಿಂತ. ಪಟ್ಟಿಯ ಎರಡೂ ಬದಿಯ ನೆಲ ಕಣ್ಣೆದುರೇ ಕೆಳಗೆ ಹೋಯಿತು. ಬೂದುಬಣ್ಣದ ಆ ಕಲ್ಲುಹಾಸು ಎಷ್ಟೋ ಅಡಿ ಆಳದಲ್ಲಿ, ಚಿಕ್ಕದಾಗಿ ಕಾಣಿಸಿತು. ಕಿವಿ ಡಬ್ಬಿಯ ಸದ್ದಿಗೆ ಕಾಯತೊಡಗಿತು.

“ತಾತ, ತಲೆ ಸುತ್ತತ್ತಾ?”

ಮುದುಕ ಮೆಲ್ಲಗೆ ಕುಕ್ಕರಗಾಲಿನಲ್ಲಿ ಕೂತು, ಪಟ್ಟಿಯ ಎರಡು ಅಂಚಿಗೂ ಬೆರಳೂರಿ, ಉಗುರು ಬೆಳ್ಳಗಾಗುವಷ್ಟು ಬಿಗಿಹಿಡಿದ. ಮೇಲೆ ಜೀವ ನಡುಗಿದರೆ ನಿಲ್ಲಬೇಡ, ಕೂತು ಹಲಗೆ ಹಿಡ್ಕೋ ಎಂದು ಕೆಲಸಕ್ಕೆ ಹೊಸದಾಗಿ ಬಂದವರಿಗೆಲ್ಲ ಮೊದಲ ದಿನವೇ ಹೇಳಿಕೊಡುತ್ತಿದ್ದವನು ಅವನೇ. ಮೇಸ್ತ್ರಿಯೂ ಅದನ್ನು ಕಲಿತದ್ದು ಅವನಿಂದಲೇ.

ಮೇಸ್ತ್ರಿಯ ನಗು ಬಾಯಲ್ಲೇ ನಿಂತಿತು. “ಮಾವ, ಎಷ್ಟು ದಿನದಿಂದ?”

“ಡಬ್ಬಿ ಬಿತ್ತಲ್ಲ... ಆವತ್ತಿಂದ.”

“ನಂಗೆ ಹೇಳೋದಲ್ವಾ?”

“ಏನಂತ ಹೇಳ್ಲೋ?”

ಹುಡುಗಿ ರಟ್ಟೆ ಹಿಡಿದು ಎಬ್ಬಿಸಲು ಮುಂದಾದಳು. “ಬೇಡ ಮೇಡಂ, ಈಗ ಮುಟ್ಬೇಡಿ,” ಎಂದು ಮೇಸ್ತ್ರಿ ತಡೆದ. ಚಪ್ಪಲಿ ಬಿಟ್ಟು, ಪಟ್ಟಿಯ ಬಾಗಿಲ ಕಡೆಯ ತುದಿಯಲ್ಲಿ ತಾನೂ ಕುಕ್ಕರಗಾಲಿನಲ್ಲಿ ಕೂತ. ಪಾದ ಎತ್ತದೆ ಒಂದೊಂದೇ ಗೇಣು ಜರುಗುತ್ತ ಮಾವನ ಎದುರಿಗೆ ಬಂದ. “ಕೆಳಗೆ ನೋಡ್ಬೇಡ. ನನ್ನ ಮುಖ ನೋಡು. ನಾನು ಹಿಂದಕ್ಕೆ ಸರೀತೀನಿ, ನೀನು ಬಾ. ಅವಸರ ಇಲ್ಲ.”

ಒಂದು ಗೇಣು ಸರಿದರು. ಇನ್ನೊಂದು ಗೇಣು.

ಹುಡುಗಿ ಗಡಿಯಾರ ನಿಲ್ಲಿಸಿ ಮೇಜಿನ ಮೇಲಿಟ್ಟಳು. ಮುದುಕನಿಗೆ ಕುಡಿಯಲು ಕೊಡೋಣವೆಂದರೆ ನೀರಿನ ಹೂಜಿ ಪಟ್ಟಿಯ ಆಚೆ ಬದಿಯಲ್ಲಿತ್ತು. ಪಟ್ಟಿಯ ಪಕ್ಕದ ನೆಲಕ್ಕೆ ಕಾಲಿಡಲು ಹೋದವಳು, ತನಗೂ ಅಲ್ಲಿ ಆಳ ಕಂಡಂತೆ ಹಿಂದೆಗೆದು, ಗೋಡೆಗೆ ಬೆನ್ನು ಒತ್ತಿಕೊಂಡು, ಅಂಚಿನಲ್ಲೇ ಹೆಜ್ಜೆ ಹುಡುಕುತ್ತ ಸುತ್ತುಹಾಕಿ ಹೋದಳು.