ಹಿಂದ್ಗಡೆ ಬಸ್ಸಲ್ಲಿ ಬರ್ತಾಳೆ

ಅರವತ್ತು ದಾಟಿದ ಹೆಂಗಸು ಸ್ವಂತ ಊರಲ್ಲೇ, ಸ್ವಂತ ಮನೆ ಇಟ್ಕೊಂಡು, ಲಾಡ್ಜಲ್ಲಿ ರೂಮ್ ಮಾಡೋದುಂಟಾ? ಸರ್ವಮಂಗಳಮ್ಮ ಮಾಡಿದರು. ಮನೆ ತುಮಕೂರಿನ ಉಪ್ಪಾರಹಳ್ಳಿಯಲ್ಲಿ, ಲಾಡ್ಜು ಶೆಟ್ಟಿಹಳ್ಳಿಯ ಒಂದು ಒಳಬೀದಿಯಲ್ಲಿ. ಆಟೋದವನು ಕೂಡ ಮುಖ ಸಿಂಡರಿಸುವಷ್ಟು ಹತ್ತಿರ.

ಎಲ್ಲಾ ಶುರುವಾಗಿದ್ದು ಒಂದು ಸಾರಿನಿಂದ. ಹಿಂದಿನ ದಿನ ಮಗಳ ಅತ್ತೆ ಮಾವ ಊಟಕ್ಕೆ ಬಂದಿದ್ದರು. ಗಂಡ ಕರಿಬಸವಯ್ಯ, ಕರೆಂಟ್ ಆಫೀಸಿಂದ ರಿಟೈರಾದ ಮೇಲೆ ಅಡುಗೆಮನೆಗೆ ಸಾಹೇಬರಾಗಿ ಕೂತಿದ್ದ ಮಹಾನುಭಾವರು, ಎಲ್ಲರೆದುರಿಗೆ, "ಇದೇನು ಸಾರಾ, ಕೈ ತೊಳ್ಯೋ ನೀರಾ?" ಅಂದುಬಿಟ್ಟರು. ಬೀಗರು ನಕ್ಕರು. ಬೀಗಿತ್ತಿಯಂತೂ ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದೇ ನಕ್ಕಿದ್ದು. ಮದುವೆಯಾದಾಗಿನಿಂದ ಅದೇ ಸಾರನ್ನ ಸೊರ್ ಸೊರ್ ಅಂತ ಕುಡಿದ ಬಾಯಿ ಅದು! ಬೆಳಗ್ಗೆ ಸರ್ವಮಂಗಳಮ್ಮ ಬ್ಯಾಗ್ ತುಂಬಿಕೊಂಡು, "ತವರಿಗೆ ಹೋಗ್ತೀನಿ" ಅಂದರು. ಪೇಪರ್ ಮರೆಯಿಂದ ಉತ್ತರ ಬಂತು: "ಹೋಗು. ಯಾರ್ ಬೇಡ ಅಂದವ್ರು?"

ತವರು ಗುಬ್ಬಿ. ಬಸ್ ಸ್ಟ್ಯಾಂಡಲ್ಲಿ ಗುಬ್ಬಿ ಬಸ್ಸು ಕಣ್ಣೆದುರಿಗೇ ನಿಂತಿತ್ತು, ಹತ್ತೋಕೆ ಕಾಲೇ ಏಳಲಿಲ್ಲ. ತಮ್ಮ ವೀರಭದ್ರಯ್ಯ ಹೊಟ್ಟೆ ತುಂಬ ಊಟ ಹಾಕಿ, ಕಿವಿ ತುಂಬ ಬುದ್ಧಿ ಹೇಳಿ, ನಾಳೆ ತಾನೇ ಕರ್ಕೊಂಡು ಬಂದು ಭಾವನ ಮುಂದೆ ನಿಲ್ಲಿಸ್ತಾನೆ. ಗಂಡನ ಜೊತೆ ಜಗಳ ಆಡ್ಕೊಂಡು ಬಂದವ್ಳೆ ಅಂತ ಬೀದಿಯವರ ಬಾಯಿಗೆ ಎಲೆಅಡಿಕೆ ಬೇರೆ. ಬೇಡಪ್ಪ ಬೇಡ. ಆಕೆಗೆ ತಿಳೀಬೇಕಿದ್ದದ್ದು ಒಂದೇ ಒಂದು. ಹೆಂಡತಿ ಇಲ್ಲ ಅಂದರೆ ಈ ಮನುಷ್ಯ ಹುಡುಕ್ತಾನಾ, ಇಲ್ವಾ?

"ಲೋಕಲ್ ಆಧಾರ್‌ಗೆ ರೂಮ್ ಕೊಡಲ್ಲ ಅಮ್ಮಾ, ಆಮೇಲೆ ನಮ್ಗೆ ತೊಂದ್ರೆ" ಅಂದ ಲಾಡ್ಜಿನ ಮ್ಯಾನೇಜರ್ ರಂಗನಾಥ್.

"ಮನೇಗೆ ಪೇಂಟ್ ಹೊಡೀತಾವ್ರೆ ಕಣಪ್ಪ, ವಾಸ್ನೆಗೆ ತಲೆ ಸಿಡೀತದೆ" ಅಂದರು ಸರ್ವಮಂಗಳಮ್ಮ. ಸುಳ್ಳು ಹೇಳಿದ್ದಕ್ಕೆ ಕೊರಳಲ್ಲಿದ್ದ ಲಿಂಗವನ್ನು ಸೆರಗಿನೊಳಗೇ ಒಮ್ಮೆ ಮುಟ್ಟಿಕೊಂಡರು. ಅವರ ವಯಸ್ಸು ನೋಡಿ ರಂಗನಾಥ್ ಬೀಗದಕೈ ಕೊಟ್ಟ.

ರೂಮಲ್ಲಿ ಕೂತರು, ಎದ್ದರು. ಟಿವಿ ಹಾಕಿದರು, ಆರಿಸಿದರು. ಕಿಟಕಿಯಿಂದ ನೋಡಿದರೆ ಬೀದಿಯಲ್ಲಿ ನರಪಿಳ್ಳೆ ಇಲ್ಲ. ಎದುರು ಮನೆಯ ಕುಕ್ಕರ್ ಕೂಗಿದರೆ ಇಲ್ಲಿ ಇವರು ಗ್ಯಾಸ್ ಆರಿಸಲು ಎದ್ದು ನಿಲ್ಲುತ್ತಿದ್ದರು. ಫೋನಲ್ಲಿ ಚಾರ್ಜ್ ಇತ್ತು, ಸಿಗ್ನಲ್ ಇತ್ತು, ಕರೆ ಮಾತ್ರ ಇಲ್ಲ. ಬಿಪಿ ಮಾತ್ರೆ ತಗೊಂಡ್ರೋ ಇಲ್ವೋ ಅಂತ ಒಂದು ಮನಸ್ಸು, ಹಾಳಾಗೋಗ್ಲಿ ಅಂತ ಇನ್ನೊಂದು. ತಡೆಯಲಾರದೆ ಕೆಳಗಿಳಿದು ಬಂದರು.

"ನನ್ನ ಕೇಳ್ಕೊಂಡು ಯಾರಾದ್ರೂ ಬಂದಿದ್ರೇನಪ್ಪ?"

"ಪೇಂಟ್‌ನವ್ರಾ ಅಮ್ಮಾ?"

ಮತ್ತೆ ಮೆಟ್ಟಿಲು ಹತ್ತಿದರು. ಮಧ್ಯಾಹ್ನ ಕಳೆಯಿತು. ಮನೆಯ ಬೆಕ್ಕು ಕಾಣದಿದ್ದರೂ ಜನ ಬಾಗಿಲಿಗೆ ಬಂದು ಒಂದು ಸಲ ಕೂಗ್ತಾರೆ. ತಾನು ಅಷ್ಟಕ್ಕೂ ಬೇಡವಾದೆನಾ ಅನ್ನಿಸಿ, ಲಾಡ್ಜಿನ ಬಿಳಿ ದಿಂಬಿಗೆ ಮುಖವಿಟ್ಟು ಸರ್ವಮಂಗಳಮ್ಮ ಅತ್ತುಬಿಟ್ಟರು.

ಆಗ ಫೋನ್ ಬಂತು. ಗಂಡನದಲ್ಲ, ತಮ್ಮನದು.

"ಅಕ್ಕಾ, ಎಲ್ಲಿದೀಯ? ಬಸ್ ಏನಾದ್ರೂ ಕೆಟ್ಟೋಯ್ತಾ?"

"ಯಾವ ಬಸ್ಸೋ?"

"ಅಯ್ಯೋ, ಭಾವ ಬೆಳಗ್ಗೇನೇ ಬಂದವ್ರೆ ಕಣಕ್ಕ. 'ನಿಮ್ಮಕ್ಕ ಬಂದ್ಲಾ?' ಅಂದ್ರು. ಇಲ್ಲ ಅಂದೆ. 'ಹಂಗಾರೆ ಹಿಂದ್ಗಡೆ ಬಸ್ಸಲ್ಲಿ ಬರ್ತಾಳೆ ಬುಡು' ಅಂತ ಹೋಗಿ ಬಸ್ ಸ್ಟ್ಯಾಂಡಲ್ಲಿ ಕೂತವ್ರು ಇನ್ನೂ ಎದ್ದಿಲ್ಲ. ಊಟಕ್ಕೆ ಕರೆದ್ರೂ ಬರ್ತಿಲ್ಲ. ತುಮಕೂರು ಬಸ್ ಬಂದಾಗೆಲ್ಲ ಬಾಗ್ಲು ಹತ್ರ ಹೋಗಿ ಇಣುಕ್ತವ್ರೆ."

ಜಗಳದ ವಿಷಯ ತಮ್ಮನ ಹತ್ತಿರ ಆ ಮನುಷ್ಯ ತುಟಿ ಬಿಚ್ಚಿರಲಿಲ್ಲ.

"ಬರ್ತಾ ಇದೀನಿ ಕಣೋ. ಬಸ್ ಲೇಟು."

ಬ್ಯಾಗ್ ಎತ್ತಿಕೊಂಡು ದಡದಡ ಇಳಿದರು. "ಪೇಂಟ್ ಒಣಗ್ತಾ ಅಮ್ಮಾ?" ಅಂದ ರಂಗನಾಥ್.

"ಒಣಗ್ತು ಕಣಪ್ಪ."

ಗುಬ್ಬಿಯಲ್ಲಿ ಬಸ್ಸು ನಿಂತಾಗ ಕರಿಬಸವಯ್ಯ ಆಗಲೇ ಬಾಗಿಲ ಹತ್ತಿರ ಕತ್ತು ಉದ್ದ ಮಾಡಿಕೊಂಡು ನಿಂತಿದ್ದರು. ಷರಟಿನ ಗುಂಡಿ ಮೇಲೆ ಕೆಳಗೆ ಹಾಕಿಕೊಂಡಿದ್ದರು. ಹೆಂಡತಿಯನ್ನು ಕಂಡದ್ದೇ ಬ್ಯಾಗ್ ಈಸಿಕೊಂಡರು.

"ಒಂದು ಫೋನ್ ಮಾಡೋಕೇನ್ರೀ ರೋಗ ನಿಮ್ಗೆ?" ಅಂತ ಸರ್ವಮಂಗಳಮ್ಮ ಇಳಿದ ಜಾಗದಲ್ಲೇ ಸಿಡಿದರು.

"ನಂಬರ್ ಒತ್ತಿ ಒತ್ತಿ ಬಿಟ್ಟೆ ಕಣೇ" ಅಂದರು ಕರಿಬಸವಯ್ಯ, ನೆಲ ನೋಡುತ್ತ. "ಬರಲ್ಲ ಅಂದ್ಬಿಟ್ರೆ ಅಂತ."

ಸರ್ವಮಂಗಳಮ್ಮನ ದನಿ ಇಳಿಯಿತು.

"ಊಟಕ್ಕೆ ಯಾಕೆ ಹೋಗ್ಲಿಲ್ಲ?"

"ನಿನ್ ತಮ್ಮನ ಮನೆ ಸಾರು ಭಾಳ ಗಟ್ಟಿ ಕಣೇ. ನಂಗೆ ಇಳಿಯಲ್ಲ."