ಬೀರಪ್ಪನನ್ನು ಕಸಕ್ಕೆ ಹಾಕಿದವರು

ಬೆಂಗಳೂರಿನ ಕರಕುಶಲ ಮೇಳದ ಕಚೇರಿಯವರು ಮೂರನೇ ಸಲವೂ ನಿಮ್ಮ ಮೇಲ್ ಬಂದೇ ಇಲ್ಲ ಎಂದಾಗ ಯಶೋದಾಳಿಗೆ ಮೈಯೆಲ್ಲ ಉರಿದುಹೋಯಿತು. ಹಿರಿಯೂರು ಬಸ್‌ಸ್ಟ್ಯಾಂಡಿನ ಎಸ್‌ಟಿಡಿ ಬೂತಿನಲ್ಲಿ ಅವಳ ಅತ್ತೆ ದೊಡ್ಡಕ್ಕ ಪಕ್ಕದಲ್ಲೇ ನಿಂತು ಸೊಸೆಯ ಮುಖ ನೋಡುತ್ತಿದ್ದಳು.

ಜವನಗೊಂಡನಹಳ್ಳಿಯಲ್ಲಿ ಅವರದು ಕಂಬಳಿ ನೇಯುವ ಮನೆ. ದಲ್ಲಾಳಿಗಳು ತಾವು ಹೇಳಿದ ಬೆಲೆಗೆ ಕಂಬಳಿ ಎತ್ತಿಕೊಂಡು ಹೋಗಿ, ಪೇಟೆಯಲ್ಲಿ ತಮ್ಮದೇ ಮಾಲು ಎಂದು ಮಾರುತ್ತಿದ್ದರು. ಮೇಳದಲ್ಲೊಂದು ಮಳಿಗೆ ಸಿಕ್ಕರೆ ದೊಡ್ಡಕ್ಕ ತಾನೇ ಕೂತು, ಇದು ನನ್ನ ಮನೆಯ ಕಂಬಳಿ ಎಂದು ಹೇಳಿ ಮಾರಬಹುದಿತ್ತು. ಆದರೆ ಅರ್ಜಿ ಇ-ಮೇಲಿನಲ್ಲೇ ಬರಬೇಕೆಂದು ಮೇಳದವರ ಹಟ. ಕಾಗದ ಬರೆದರೆ ಈ ದೊರೆಗಳು ಓದುವುದಿಲ್ಲವಂತೆ.

ಮೊದಲ ಮೇಲ್ ತಲುಪದಾಗ ಸೈಬರ್ ಸೆಂಟರಿನ ಮೋಹನ್‌ಕುಮಾರ್, ಪುಕ್ಕಟೆ ಮೇಲ್ ಕೊಡುವ ಕಂಪನಿಗಳು ಎಲ್ಲ ಒಂದೇ ಥರ ಇರುವುದಿಲ್ಲ, ಬದಲಾಯಿಸಿ ನೋಡಿ ಎಂದಿದ್ದ. ಯಶೋದಾಳ ಮೊದಲನೆಯದು ಬೇಲಿಯಿಲ್ಲದ ಹೊಲ. ಲಾಟರಿ ಹೊಡೆದಿದೆ ಎನ್ನುವವರು, ಕೂದಲು ಬೆಳೆಸುವ ಎಣ್ಣೆಯವರು, ಯಾವನೋ ಸತ್ತ ಸಾಹುಕಾರನ ಆಸ್ತಿ ಹಂಚುವವರು, ಎಲ್ಲರೂ ನುಗ್ಗಿ ಕೂತು ಬೇಕಾದ ಮೇಲಿಗೇ ಜಾಗ ಇರಲಿಲ್ಲ. ಎರಡನೆಯದು ಅನುಮಾನದ ಪಿಶಾಚಿ. ತಮ್ಮ ಸುದೀಪ ಮಗಳ ನಾಮಕರಣಕ್ಕೆಂದು ಚಿತ್ರದುರ್ಗದಿಂದ ಕಳಿಸಿದ ಕರೆಯನ್ನು ಸ್ಪ್ಯಾಮ್ ಎಂಬ ಕಸದ ಡಬ್ಬಿಗೆ ತಳ್ಳಿ, ಅವಳು ನೋಡುವ ಮೊದಲೇ ಅಳಿಸಿಯೂ ಹಾಕಿತು. ಸುದೀಪ ಈಗಲೂ ಅಕ್ಕನಿಗೆ ಮುಖ ಕೊಟ್ಟು ಮಾತಾಡುವುದಿಲ್ಲ. ಮೂರನೆಯದು ಹೊಸದು, ಒಳಗಿದ್ದವರು ಕರೆದರೆ ಮಾತ್ರ ಸೇರಿಸಿಕೊಳ್ಳುವಂಥದ್ದು. ಮೋಹನ್‌ಕುಮಾರನೇ ಕರೆ ಕಳಿಸಿದ್ದ. ಜಾಗ ಬೇಕಾದಷ್ಟಿತ್ತು, ಕಾಳು ಕಸ ಬೇರೆ ಮಾಡುವುದರಲ್ಲೂ ಅಚ್ಚುಕಟ್ಟು. ಇದೇ ಸೈ ಎಂದುಕೊಂಡು ಅದರಿಂದಲೂ ಅರ್ಜಿ ಕಳಿಸಿದ್ದಳು. ಈಗ ಅದೂ ಬಂದಿಲ್ಲವಂತೆ.

"ನಿಮ್ ಕಸದ ಡಬ್ಬಿ ತೆಗೆದು ನೋಡ್ರಿ" ಎಂದಳು ಯಶೋದಾ. "ನೋಡಾ ತಂಕ ನಾನು ಫೋನ್ ಇಡಲ್ಲ."

ಅಧಿಕಾರಿ ಗೊಣಗುತ್ತಲೇ ತೆಗೆದ. ಸ್ವಲ್ಪ ಹೊತ್ತಿಗೆ, ಮೂರೂ ಇವೆ ಅಮ್ಮ ಎಂದ. ತಪ್ಪು ನಿಮ್ಮದೇ ಎಂದೂ ಸೇರಿಸಿದ. ವಿಷಯ ಬರೆಯುವ ಸಾಲಿನಲ್ಲಿ ಅರ್ಜಿಯ ಮಾತೇ ಇಲ್ಲ. ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲಿ 'ಶ್ರೀ ಬೀರಲಿಂಗೇಶ್ವರ ಪ್ರಸನ್ನ' ಎಂದಿದೆ, ಮೆಷಿನ್ನಿಗೆ ಅದೆಲ್ಲ ಹೇಗೆ ತಿಳಿಯಬೇಕು?

ಏನು ಬರೆದರೂ ಹಾಳೆಯ ನೆತ್ತಿಯ ಮೇಲೆ ಮನೆದೇವರ ಹೆಸರು ಬರೆದೇ ಶುರುಮಾಡುವ ಮನೆತನ ಯಶೋದಾಳದು. ಪರದೆಯ ಮೇಲೆ ಎಲ್ಲಕ್ಕಿಂತ ಮೇಲೊಂದು ಸಾಲು ಖಾಲಿ ಇತ್ತು, ಬರೆದಿದ್ದಳು. ಹೆಸರು ಕುಲ ಗೊತ್ತಿಲ್ಲದ ಲಾಟರಿ ಕಳ್ಳನಿಗೆ ನಡುಮನೆ, ಬೀರಪ್ಪನಿಗೆ ತಿಪ್ಪೆ. ಇದನ್ನು ಬುದ್ಧಿವಂತಿಕೆ ಎಂದು ಇವರು ಬೇರೆ ಹೇಳಿಕೊಳ್ಳುತ್ತಾರೆ.

ಮಳಿಗೆಗಳೆಲ್ಲ ನಿನ್ನೆಯೇ ಹಂಚಿಹೋದವು ಎಂದ ಅಧಿಕಾರಿ. ಯಾರಿಗೆ ಎಂದರೆ, ಹೆಚ್ಚಿನವು ಬೆಂಗಳೂರಿನ ಅಂಗಡಿಯವರಿಗೆ. ಅವರ ಮೇಲ್ ಸರಿಯಾಗಿ ಬಂದಿದ್ದವಂತೆ.

"ಆ ಡಬ್ಬಿಯಾಗೆ ಇನ್ನೇನೇನ್ ಅವೆ?"

ಏನೋ ದೇವರ ಹೆಸರುಗಳು ಎಂದ. ಓದಿ ಎಂದಳು. ಓದಿದ. ಶ್ರೀ ಚೌಡೇಶ್ವರಿ ಪ್ರಸನ್ನ, ಹೊಸದುರ್ಗದ ಬುಟ್ಟಿ ಹೆಣೆಯುವ ಕಾಳಕ್ಕ. ಶ್ರೀ ಆಂಜನೇಯ ಪ್ರಸನ್ನ, ಭರಮಸಾಗರದ ಮಡಕೆಯ ಕಾಟಯ್ಯ. ಹೊಳಲ್ಕೆರೆಯಿಂದ ಚಾಪೆಯ ರಂಗಕ್ಕ. ಓದುತ್ತ ಓದುತ್ತ ಅವನ ದನಿ ಸಣ್ಣದಾಯಿತು. ಆಮೇಲೆ ತಗ್ಗಿದ ದನಿಯಲ್ಲೇ, ಒಬ್ಬರು ಬರುವುದಿಲ್ಲ ಎಂದಿದ್ದಾರೆ, ಆ ಮಳಿಗೆ ನಿಮಗೆ ಮಾಡಿಕೊಡುತ್ತೇನೆ, ಈ ಡಬ್ಬಿಯ ವಿಷಯ ಮಾತ್ರ ಎಲ್ಲೂ ಆಡಬೇಡಿ ಎಂದ.

ಯಶೋದಾ ಹೂಂ ಎನ್ನುವವಳೇ ಇದ್ದಳು. ಅತ್ತೆಗೆ ಪಿಸುಮಾತಿನಲ್ಲಿ, ಡಬ್ಬಿಯಲ್ಲಿದ್ದವರ ಹೆಸರು ಸಮೇತ ವಿಷಯ ಹೇಳಿದಳು. ದೊಡ್ಡಕ್ಕ ಸೊಸೆಯ ಕೈಯಿಂದ ಫೋನು ತೆಗೆದುಕೊಂಡಳು.

"ನಮಗೆ ಕೊಡ್ತೀಯ, ಸರಿ ಕಣಪ್ಪ" ಎಂದಳು. "ಕಾಳಕ್ಕಂಗೆ ಏನಂತ ಹೇಳ್ತೀಯ?"

ದೊಡ್ಡಕ್ಕ ಫೋನು ಇಡಲಿಲ್ಲ.